ಶಾಯಿ ಹೀರುವ ಪೆಟ್ಟಿಗೆ

ಪ್ರಿಂಟರಿಗೆ ಒಂಬತ್ತು ಸಾವಿರ. ಅದರೊಳಗೆ ಕೂರಿಸುವ ಶಾಯಿ ಡಬ್ಬಿಗಳಿಗೆ ಹನ್ನೊಂದು ಸಾವಿರ. ಇನ್ನೂರು ಹಾಳೆ ಹೊರಬರುವಷ್ಟರಲ್ಲಿ ಡಬ್ಬಿ ಬರಿದು. ಅಗ್ಗದ ಶಾಯಿ ತುಂಬಿದರೆ ಯಂತ್ರ ಮುನಿಸಿಕೊಂಡು ಕೂರುತ್ತಿತ್ತು. “ಕುದುರಿಗಿಂತ ಹುಲ್ಲು ತುಟ್ಟಿ ಆತಲ್ರಿ” ಎಂದು ಗದಗಿನ ಜನ ಗೊಣಗುತ್ತಿದ್ದ 2050ರ ದಶಕದಲ್ಲಿ, ಅದೇ ಊರಿನ ರಸಾಯನ ವಿಜ್ಞಾನಿ ನೀಲಗಂಗಾ ಹೂಗಾರ ಒಂದು ಪೆಟ್ಟಿಗೆ ತಯಾರಿಸಿದಳು.

ಬರೆದ ಇಲ್ಲವೇ ಅಚ್ಚಾದ ಹಳೆಯ ಹಾಳೆಯನ್ನು ಪೆಟ್ಟಿಗೆಗೆ ತುರುಕಿದರೆ ಸಾಕು. ಒಳಗಿನ ದ್ರವ ಕಾಗದದ ನಾರಿಗೆ ಅಂಟಿದ ಶಾಯಿಯ ಕಣಗಳನ್ನು ಬಿಡಿಸಿ ಪ್ರಿಂಟರಿಗೆ ಹರಿಸುತ್ತಿತ್ತು. ಹಾಳೆ ಬೆಳ್ಳಗಾಗಿ ಹೊರಬೀಳುತ್ತಿತ್ತು. ಶಾಯಿಯೂ ಪುಕ್ಕಟೆ, ಕಾಗದವೂ ಪುಕ್ಕಟೆ. ಹಳೆಯ ಕರೆಂಟ್ ಬಿಲ್ಲು, ಮುಗಿದ ಮದುವೆಗಳ ಲಗ್ನಪತ್ರಿಕೆ ತಿಂದು ಅದು ಮಕ್ಕಳ ಪಾಠ ಅಚ್ಚು ಹಾಕಿಕೊಡುತ್ತಿತ್ತು. ಮೊದಲ ಮಾದರಿಯಲ್ಲಿ ಅಕ್ಷರಗಳ ಮಸುಕು ನೆರಳು ಉಳಿಯುತ್ತಿತ್ತು. ಅಷ್ಟನ್ನೂ ಬಿಡಬಾರದೆಂದು ನೀಲಗಂಗಾ ಹೆಣಗಾಡಿ ದ್ರವವನ್ನು ತಿದ್ದಿದ್ದಳು.

ಒಂದು ಬೆಳಿಗ್ಗೆ ನಾಟಕ ಕಂಪನಿಯ ಮಾಲೀಕ ಗುರುಶಾಂತಪ್ಪ ಒಂದು ಕಟ್ಟು ಖಾಲಿ ಹಾಳೆ ಹಿಡಿದು ಅವಳ ಪ್ರಯೋಗಾಲಯಕ್ಕೆ ಬಂದ.

“ಅಕ್ಕಾರ, ನಿಮ್ಮ ಪೆಟಿಗಿ ಬಾಳ ಚಲೋ ಐತ್ರಿ. ಈ ಕ್ಯಾಂಪಿನ ಹ್ಯಾಂಡ್‌ಬಿಲ್ಲಿಗೆ ಒಂದ್ ರೂಪಾಯಿ ಹೋಗಿಲ್ಲ.”

“ಮತ್ಯಾಕ ಮಾರಿ ಸಣ್ಣದು ಮಾಡೀರಿ?”

“ಅದಕ್ಕ ತಿನ್ನಾಕ ಏನ್ ಹಾಕೀನಿ ಕೇಳ್ರಿ. ‘ಸುಂಕದಕಟ್ಟಿ ಸೊಸಿ.’ ಇಡೀ ನಾಟಕ. ನಮ್ಮಜ್ಜ ಬರದದ್ದು.”

“ಇನ್ನೊಂದು ಪ್ರತಿ ಇಲ್ಲೇನ್ರಿ?”

“ಇನ್ನೊಂದಿದ್ರ ಎದುರು ಕಂಪನಿಯವ್ರು ಕದೀತಾರ ಅಂತ ಅಜ್ಜ ಮಾಡಿಸ್ಲೇ ಇಲ್ಲ.”

ಕಂಪನಿಯ ಪದ್ಧತಿಯೇ ಹಾಗೆ. ನಟನಿಗೆ ಬಾಯಿಪಾಠ ಮಾಡಿಸುವುದು ಅವನ ಪಾತ್ರದ ಮಾತು, ಜೊತೆಗೆ ಎದುರಿನವರ ಕೊನೆಯ ಪದ; ಬರಹದಲ್ಲಿ ಏನೂ ಕೊಡುವುದಿಲ್ಲ. ಪೂರ್ತಿ ನಾಟಕ ಮಾಲೀಕನ ಟ್ರಂಕಿನಲ್ಲಿ. ಎಲ್ಲರ ಬಾಯಲ್ಲೂ ಇರುವಾಗ ಹಾಳೆ ಯಾಕೆ ಎಂದು ಗುರುಶಾಂತಪ್ಪ ಅದನ್ನು ಪೆಟ್ಟಿಗೆಗೆ ಉಣಿಸಿದ್ದ. ಮರುತಿಂಗಳು ಅತ್ತೆಯ ಪಾತ್ರ ಮಾಡುತ್ತಿದ್ದ ಅಂಬುಜಾಬಾಯಿ ತೀರಿಕೊಂಡಳು. ಅತ್ತೆಯ ಮಾತು ಪೂರ್ತಿ ಬರುತ್ತಿದ್ದದ್ದು ಅವಳೊಬ್ಬಳಿಗೇ.

“ಯಾರರೆ ಫೋನಿನಾಗ ಹಿಡಿದಿರಬೇಕಲ್ರಿ?”

“ಟೆಂಟಿನಾಗ ಫೋನ್ ಬಂದ್ ಮಾಡಸ್ತೀವ್ರಿ. ಮನ್ಯಾಗ ಕುಂತು ನೋಡಿದ್ರ ಟಿಕೀಟ್ ಯಾರು ತಗೋತಾರ?”

“ಜೊತಿಗಿದ್ದವ್ರು ದಿನಾ ಕೇಳ್ಯಾರಲ್ಲ?”

“ಎಲ್ರೂ ಕಡೀ ಮಾತಿಗೆ ಕಿವಿ ಕೊಟ್ಟು ನಿಂತಿರ್ತಾರ್ರಿ. ಅದು ಬಂತಂದ್ರ ತಮ್ಮ ಪಾಳಿ. ಉಳಿದದ್ದನ್ನ ನಾಕು ಮಂದಿ ನಾಕು ನಮೂನಿ ಹೇಳ್ತಾರ. ಒಬ್ಬಂವಂತೂ ಬ್ಯಾರೆ ನಾಟಕದ ಮಾತು ತಂದು ಸೇರಿಸಿದ!”

ನೀಲಗಂಗಾ ಹಾಳೆಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಹಿಡಿದಳು. ಬಗೆಬಗೆಯ ಬೆಳಕು ಹಾಯಿಸಿದಳು. ಒಂದು ಕಣವೂ ಇರಲಿಲ್ಲ. ತನ್ನ ಕೆಲಸ ಇಷ್ಟು ಅಚ್ಚುಕಟ್ಟಾದದ್ದಕ್ಕೆ ಅವಳಿಗೆ ಮೊದಲ ಸಲ ಬೇಸರವಾಯಿತು.

“ಮೊದಲಿನ ಪೆಟಿಗಿ ಆಗಿದ್ರ ಓದಬಹುದಿತ್ರಿ. ನೆರಳು ಉಳೀತಿತ್ತು.”

“ಅದನ್ಯಾಕ ಬಿಟ್ರಿ?”

“ಹಾಳಿಗೆ ಅರ್ಧ ಹನಿ ಶಾಯಿ ಹೆಚ್ಚಿಗಿ ಸಿಕ್ತು.”

ಅವನು ಬೈಯಲಿಲ್ಲ. “ತಿನಿಸಿದಾಂವ ನಾನ ಬಿಡ್ರಿ” ಎಂದು ಹಾಳೆ ಕಟ್ಟಿಕೊಂಡು ಎದ್ದ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತೇನೋ.

ಆ ಸಂಜೆ ತಾಲೀಮು ನೋಡಲು ಅವಳು ಟೆಂಟಿಗೆ ಹೋದಳು. ಕೊನೆಯ ದೃಶ್ಯ ನಡೆದಿತ್ತು. ಸೊಸೆಯ ಪಾತ್ರದ ಹುಡುಗಿ ಖಾಲಿ ಕುರ್ಚಿಯ ಮುಂದೆ ನಿಂತು ಕೇಳಿದಳು: “ಅತ್ತಿ, ಇಷ್ಟು ವರ್ಷ ನನ್ನ ಮ್ಯಾಲೆ ಯಾಕ ಸಿಟ್ಟು ನಿಮಗ?”

ಉತ್ತರಕ್ಕೆ ಬೇಕಾಗುವಷ್ಟು ಹೊತ್ತು ಎಲ್ಲರೂ ಸುಮ್ಮನಿದ್ದರು. ಬಳಿಕ ಹುಡುಗಿ ಸೆರಗಿನಿಂದ ಕಣ್ಣೊರೆಸಿಕೊಂಡು ತನ್ನ ಮುಂದಿನ ಮಾತು ಹೇಳಿದಳು: “ಇದನ್ನ ಮೊದಲ ಹೇಳಿದ್ರ ನಾ ಮನಿ ಬಿಟ್ಟು ಹೋಗತಿದ್ದಿಲ್ಲ.”

ಅತ್ತೆ ಏನು ಹೇಳಿದ್ದಳು? ಕೊನೆಯ ಪದ ಬಿಟ್ಟು ಯಾರಿಗೂ ಖಚಿತವಾಗಿ ಗೊತ್ತಿರಲಿಲ್ಲ. ಕಂಪನಿ ಆ ನಾಟಕವನ್ನು ಕೈಬಿಟ್ಟಿತು.

ಶಾಯಿ ದುಬಾರಿಯೆಂದು ನಾವು ಶಪಿಸುವ ಈ ಕಾಲದಲ್ಲಿ, ಬರೆದದ್ದನ್ನು ಅಳಿಸಿದರೆ ಯಾರಿಗೂ ಕಾಸು ಹುಟ್ಟುವುದಿಲ್ಲ. ಅದಕ್ಕೇ ಅದು ಟ್ರಂಕಿನಲ್ಲೋ ಅಟ್ಟದ ಮೇಲೋ ಉಳಿದುಕೊಂಡಿದೆ. ನೀಲಗಂಗಾಳ ಪೆಟ್ಟಿಗೆಯಿಂದ ಮನೆಮನೆಗೆ ವರ್ಷಕ್ಕೆ ಕೆಲವು ಸಾವಿರ ರೂಪಾಯಿ ಉಳಿಯಿತು. ಒಬ್ಬ ಅತ್ತೆ ಸೊಸೆಗೆ ಹೇಳಿದ ಮಾತು ಹೋಯಿತು.