ಉಪ್ಪು ಹಾಕದ ಗಿಣ್ಣುಹಾಲು

"ಮೊದಲ ಧಾರೆ ನೆಲಕ್ಕೆ ಬಿಡಪ್ಪಾ. ಆಮೇಲೆ ಹಾಲಿಗೆ ಒಂದು ಚಿಟಿಕೆ ಉಪ್ಪು ಹಾಕು. ಕರುವಿನ ಪಾಲು ಅದು. ಉಪ್ಪಿಲ್ಲದೆ ಕೊಟ್ಟಿಗೆ ದಾಟಬಾರದು," ಎಂದಳು ನೋರಾ ಅಜ್ಜಿ. ಐರ್ಲೆಂಡಿನಿಂದ ಕೆನಡಕ್ಕೆ ಬಂದು ಕ್ಯಾಲೆಡನ್‌ನಲ್ಲಿ ದನ ಸಾಕಿಕೊಂಡಿದ್ದ ಮುದುಕಿ.

ಈದ ಹಸುವಿನ ಕೆಳಗೆ ಕುಕ್ಕರಗಾಲಲ್ಲಿ ಕೂತಿದ್ದ ಗದಿಗೆಪ್ಪ ಹೊಟ್ಟೆ ಅಲ್ಲಾಡುವಂತೆ ನಕ್ಕ. ಕೆನಡಕ್ಕೆ ಬಂದು ವರ್ಷವಾಗಿರಲಿಲ್ಲ. ಆಗಲೇ ಮಾಲ್ಟನ್ನಿನ ಬೇಸ್‌ಮೆಂಟಿನಲ್ಲಿ ಕೂತು ಜಗತ್ತಿಗೆಲ್ಲ ಬುದ್ಧಿ ಹೇಳುವಷ್ಟು ದೊಡ್ಡವನಾಗಿದ್ದ. ಹೆಂಡತಿ ರುದ್ರವ್ವ ಹೆತ್ತು ಹನ್ನೆರಡು ದಿನ. ಗಿಣ್ಣು ತಿನ್ನುವ ಆಸೆ ಇವನದು, ಹೆಸರು ಬಾಣಂತಿಯದು.

"ಇವಳೂ ನಮ್ಮವ್ವನ ತಂಗೀನಽ ನೋಡ," ಎಂದು ಕನ್ನಡದಲ್ಲಿ ಹಂಗಿಸಿ, ಇಂಗ್ಲಿಷಿನಲ್ಲಿ ಹೇಳಿದ: "ಕರುವಿಗೆ ಅಂಗಡಿಯ ಹಾಲಿನ ಪುಡಿ ಕಲಸಿ ಕೊಡು, ಅಜ್ಜಿ."

ಮೊದಲ ಧಾರೆ ಚರ್ರೆಂದು ಬಕೆಟ್ಟಿಗೇ ಬಿತ್ತು. ಬಕೆಟ್ಟು ತುಂಬಿತು. ಎತ್ತಿಕೊಂಡು ಹೊರಟ. ಅಜ್ಜಿ ತಡೆಯಲಿಲ್ಲ; ದಾರಿ ಬಿಟ್ಟು ಮೂರು ಹೆಜ್ಜೆ ಹಿಂದೆ ಸರಿದಳು.

ಗಿಣ್ಣು ಬಲು ರುಚಿಯಾಗಿತ್ತು. ನಾಲ್ಕು ಬಟ್ಟಲು ಅವನೇ ತಿಂದ.

ಮರುದಿನದಿಂದ ಬೇಸ್‌ಮೆಂಟಿನಲ್ಲಿ ಸಗಣಿ ವಾಸನೆ. ರುದ್ರವ್ವನ ಎದೆಯಲ್ಲಿ ಹನಿ ಹಾಲಿಲ್ಲ. ಡಬ್ಬಿಯ ಹಾಲು ಕೊಟ್ಟರೆ ಕೂಸು ಕಕ್ಕುತ್ತದೆ. ಡಾಕ್ಟರಿಗೆ ಏನೂ ತಿಳಿಯಲಿಲ್ಲ.

"ಹಾಲ ಬರ್ತದ್ರೀ," ಎಂದಳು ರುದ್ರವ್ವ. "ಕೂಸಿಗೆ ಸಿಗೂಕಿಂತ ಮೊದ್ಲ ಯಾರೋ ಹೀರ್ತಾರ."

"ಹುಚ್ಚಿ ಇದ್ದಿ ನೋಡ ನೀ," ಎಂದ.

ಮೂರನೆಯ ದಿನ ಕೂಸಿಗೆ ಅಳಲೂ ದನಿಯಿರಲಿಲ್ಲ. ಅಜ್ಜಿಯ ಉಪ್ಪಿನ ಮಾತು ನೆನಪಾಗಿ, ಇಬ್ಬರನ್ನೂ ಕಾರಿಗೆ ಹಾಕಿಕೊಂಡು ಕ್ಯಾಲೆಡನ್ನಿಗೆ ಓಡಿದ.

ನಡುಮಧ್ಯಾಹ್ನ. ಆದರೂ ಕೊಟ್ಟಿಗೆಯೊಳಗೆ ಕತ್ತಲು. ಹಸಿ ಹುಲ್ಲು, ಗಂಜಲ, ಅದರ ಮೇಲೆ ಇನ್ನೊಂದು ವಾಸನೆ. ಬಾಣಂತಿಯ ಕುಪ್ಪಸದ ಹುಳಿವಾಸನೆ. ಹಸುವಿನ ಕೆಚ್ಚಲು ಖಾಲಿ ಚೀಲದಂತೆ ಜೋತಿತ್ತು. ಮೂಲೆಯಲ್ಲಿ ಸದ್ದು. ಚಪ್. ಚಪ್. ಚಪ್.

ಕರು. ಒಂಟಿಯಾಗಿ ನಿಂತಿತ್ತು. ದುಂಡಗೆ, ಮಿರಮಿರ ಮಿಂಚುತ್ತ. ಕತ್ತು ಚಾಚಿ ಬರಿಯ ಗಾಳಿಯನ್ನು ಚೀಪುತ್ತಿತ್ತು. ಕಟವಾಯಿಯಿಂದ ಬೆಳ್ಳಗೆ ತೊಟ್ಟಿಕ್ಕುತ್ತಿತ್ತು.

"ಮೂರು ದಿನದಿಂದ ನಾನು ಇದಕ್ಕೆ ಏನೂ ಕುಡಿಸಿಲ್ಲ," ಎಂದಳು ಅಜ್ಜಿ, ಅವನ ಮುಖ ನೋಡದೆ.

ಕರು ಜಗ್ಗಿತು. ಹೊರಗೆ ಕಾರಿನಿಂದ ರುದ್ರವ್ವನ ಚೀರಾಟ: "ಯವ್ವಾ! ಕಚ್ಚಾಕತ್ತೇತಿ!"

ಗದಿಗೆಪ್ಪ ಸಲಿಕೆ ಎತ್ತಿದ.

"ಹೊಡೆಯಬೇಡ! ಸತ್ತರೆ ಬಾಯಲ್ಲಿ ಹಿಡಿದಿರುವುದನ್ನೂ ಒಯ್ಯುತ್ತದೆ," ಎಂದಳು ಅಜ್ಜಿ.

ಸಲಿಕೆ ಬಿತ್ತು. ಮೊಣಕಾಲು ಸಗಣಿಯಲ್ಲಿ ಹೂತವು. ಜಗತ್ತಿಗೆ ಬುದ್ಧಿ ಹೇಳುವ ದೊಡ್ಡ ಮನುಷ್ಯ ಕರುವಿಗೆ ಕೈ ಮುಗಿದ.

"ಒಂದು ಮೊಲೀನಾದ್ರೂ ಬಿಡೋ ಯಪ್ಪಾ... ನನ್ನ ಕೂಸಿಗೆ..."

ಕರು ಕಣ್ಣು ತೆರೆಯಿತು. ಅವನನ್ನೇ ನೋಡಿತು. ಬಾಯಿ ಬಿಟ್ಟಿತು. ಗೇಣಷ್ಟು ಪಕ್ಕಕ್ಕೆ ಸರಿದು ಮತ್ತೆ ಗಾಳಿಗೆ ಬಾಯಿ ಹಾಕಿತು.

ಕಾರಿನಲ್ಲಿ ರುದ್ರವ್ವ ಇನ್ನೊಮ್ಮೆ ಚೀರಿದಳು.