ಕೆಂಭಾವಿಗೆ ಮುಟ್ಟಿಸಬೇಕಾದ ಮಾತು

ಒಂದಾನೊಂದು ಹೊಳೆಯ ದಂಡೆಯಲ್ಲಿ ಒಬ್ಬ ಅಂಬಿಗನಿದ್ದ. ಅವನಿಗೆ ಒಬ್ಬಳೇ ಮಗಳು. ಅಜ್ಜಿಯರ ಬಾಯಲ್ಲಾದರೆ ಅವಳು ನಕ್ಕರೆ ಮುತ್ತು ಉದುರಬೇಕು, ಏಳು ಸಮುದ್ರದಾಚೆಯಿಂದ ರಾಜಕುಮಾರ ಬರಬೇಕು. ತಿಂಥಣಿಯ ಸಾಯಬಮ್ಮನಿಗೆ ನಕ್ಕರೆ ಕೆಮ್ಮು ಬರುತ್ತಿತ್ತು. ಬಂದವನು ಕೆಂಭಾವಿಯ ಉಪ್ಪಿನ ವ್ಯಾಪಾರಿ.

ಅದೂ ಎಂಥ ಬರುವಿಕೆ! ಹರಗೋಲಿನ ಅಂಚಿನ ಮೇಲೆಯೇ ಕಾಲಿಟ್ಟ. ಹರಗೋಲು ವಾಲಿತು. ಚೀಲದ ಸಮೇತ ಸಾಯಬಮ್ಮನ ಕಾಲಬುಡಕ್ಕೆ ಬಿದ್ದ.

"ಅಡ್ಡಬೀಳಾಕ ಗುಡಿ ಆ ಕಡಿ ಅದರಿ, ಸಾವ್ಕಾರ್ರ."

"ದೇವಿ ಈ ಕಡಿ ಅದಾಳಂತ ಯಾರೋ ಅಂದ್ರು."

"ಚೀಲದಾಗೇನದ?"

"ಉಪ್ಪು."

"ಠಣ್ ಅಂತದಲ್ಲ ನಿಮ್ಮ ಉಪ್ಪು?"

ಅವನು ತುಟಿಯ ಮೇಲೆ ಬೆರಳಿಟ್ಟ. ಬೆರಳಿನ ಎರಡೂ ಬದಿಗೆ ನಗು ಇಣುಕುತ್ತಿತ್ತು. ಸಾಯಬಮ್ಮ ಕೆಮ್ಮುತ್ತ ಹುಟ್ಟು ಹಾಕಿದಳು.

ಅವನ ಹೆಸರು ನೀಲಕಂಠ. ನಿಜಾಮನ ಆಳಿಕೆ ಮುಗಿದು ಈ ಸೀಮೆಯೂ ಹಿಂದುಸ್ತಾನಕ್ಕೆ ಸೇರಬೇಕೆಂದು ಗಡಿಯಾಚೆಯ ಶಿಬಿರದಲ್ಲಿ ಬಂದೂಕು ಹಿಡಿದ ಹುಡುಗರಲ್ಲಿ ಒಬ್ಬ. ಆ ಬೇಸಿಗೆಯಿಡೀ ಅವನ 'ಉಪ್ಪು' ಕೃಷ್ಣೆಯನ್ನು ದಾಟಿತು. ಪ್ರತಿ ಸಲವೂ ಅವನು ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂರುತ್ತಿದ್ದ.

"ಆ ಕಡಿ ನೋಡ್ರಿ. ದಂಡಿ ಅಲ್ಲಿ ಅದ."

"ದಂಡಿ ಎಲ್ಲಿಗೂ ಓಡಿ ಹೋಗೂದಿಲ್ಲ. ನೀ ಮುಖ ತಿರುವತಿ."

ಒಮ್ಮೆ, ನಡುಹೊಳೆಯಲ್ಲಿ, ಅವನ ನಗು ನಿಂತಿತು. "ಸಾಯವ್ವಾ, ನನಗೇನಾರ ಆದ್ರ ನಮ್ಮವ್ವಗ ನೀನೇ ಹೋಗಿ ಹೇಳಬೇಕು. ಸಂತ್ಯಾಗ ಯಾರದೋ ಬಾಯಿಂದ ಅಕಿ ಕೇಳಬಾರದು."

"ನಾ ಯಾರಂತ ಹೇಳಲಿ?"

"ಸೊಸಿ ಅಂತ ಹೇಳು."

ಅವಳು ಹುಟ್ಟಿನಿಂದ ಅವನ ಮುಖಕ್ಕೆ ನೀರು ಚಿಮ್ಮಿಸಿದಳು. ಅವನು ಒರೆಸಿಕೊಳ್ಳಲಿಲ್ಲ. "ಮಾತು ಕೊಡು," ಎಂದ. ಕೊಟ್ಟಳು.

ಶ್ರಾವಣದಲ್ಲಿ ಹೊಳೆ ತುಂಬಿತು. ಒಂದು ಬೆಳಗ್ಗೆ ನೀಲಕಂಠನೂ ಸೇರಿ ಆರು ಜನ ಓಡಿ ಬಂದರು; ಇಬ್ಬರ ಮೈ ರಕ್ತ. ಹಿಂದೆ ನಿಜಾಮನ ಕಡೆಯ ಸವಾರರ ಧೂಳು. ಆ ಸೆಳವಿನಲ್ಲಿ ಹುಟ್ಟು ಹಾಕುವ ಅವಳಪ್ಪ ಭಾಗಣ್ಣನನ್ನು ಬಿಟ್ಟು ಐವರಿಗಿಂತ ಹೆಚ್ಚು ಜನರನ್ನು ಹರಗೋಲು ಹೊರದು.

"ನಾ ಇಳೀತೀನಿ," ಎಂದ ಗೆಳೆಯ ಮನ್ಸೂರಅಲಿ. ಅವನ ತೊಡೆಗೆ ಗುಂಡು ಬಿದ್ದಿತ್ತು.

"ಕುಂತು ಬಿಡ್ರಿ ನವಾಬ್ರ, ನಿಮ್ಮ ಕಾಲಿಗೆ ಪಾದಪೂಜಿ ಆಗ್ಯಾದ," ಎಂದು ನೀಲಕಂಠ ಹರಗೋಲನ್ನು ಕಾಲಿನಿಂದ ನೂಕಿದ. ಸಾಯಬಮ್ಮನ ಕಡೆ ತಿರುಗಿ, "ಮನಿಗೆ ಹೋಗು," ಎಂದ. ಅಷ್ಟೇ.

ಅವಳು ಬಾಗಿಲ ಸಂದಿಯಿಂದ ನೋಡಿದಳು. ಅವನು ರುಮಾಲನ್ನು ಒಂದು ಬಂಡೆಯ ಮೇಲಿಟ್ಟು ಇನ್ನೊಂದರ ಹಿಂದಿನಿಂದ ಗುಂಡು ಹಾರಿಸಿದ, ಮೂರನೆಯದಕ್ಕೆ ತೆವಳಿದ. ಒಬ್ಬನೇ ನಾಲ್ವರಾದ. ಸವಾರರು ಕುದುರೆ ಇಳಿದು ಮಲಗಬೇಕಾಯಿತು. ಹರಗೋಲು ನಡುಹೊಳೆಯಲ್ಲಿ ಗಿರಗಿರ ತಿರುಗುತ್ತಿತ್ತು. ಅವನ ಹೆಗಲಿಗೆ ಗುಂಡು ತಾಗಿತು; ಬಂದೂಕನ್ನು ಎಡಗೈಗೆ ಬದಲಿಸಿದ. ಆಚೆ ದಂಡೆಯಲ್ಲಿ ಐವರೂ ಇಳಿಯುವ ತನಕ ಆ ಬಂದೂಕು ಸುಮ್ಮನಾಗಲಿಲ್ಲ.

ಆಮೇಲೆ ಸವಾರರು ಅವನನ್ನು ಎಳೆತಂದು ಅವಳ ಮನೆಯ ಮುಂದಿನ ಉಸುಕಿನಲ್ಲಿ ಕೆಡವಿದರು. ಜೀವ ಇನ್ನೂ ಇತ್ತು, ಕಣ್ಣು ತೆರೆದೇ ಇತ್ತು.

"ಏ ಹುಡುಗಿ, ಇಂವನ ಪೈಚಾನ ಅದ ಏನು?"

"ಗೊತ್ತಿಲ್ರಿ," ಎಂದಳು ಸಾಯಬಮ್ಮ. "ಯಾರೋ ಏನೋ. ನಾ ಎಂದೂ ನೋಡಿಲ್ಲ."

ಅವನು ಕೇಳಿಸಿಕೊಂಡ. ಅವಳನ್ನೇ ನೋಡುತ್ತ, ನೋಡುತ್ತ, ನೋಟ ಹಾಗೆಯೇ ನಿಂತುಬಿಟ್ಟಿತು.

ಸವಾರರು ಹೋದ ಮೇಲೆ, ಹೆಸರಿಲ್ಲದವನನ್ನು ಅಪ್ಪ ಮಗಳು ಜಾಲಿ ಗಿಡದ ಕೆಳಗೆ ಮಣ್ಣು ಮಾಡಿದರು.

ಮರುತಿಂಗಳು ನಿಜಾಮನ ರಾಜ್ಯ ಬಿತ್ತು. ಕುಂಟುತ್ತ ಬಂದ ಮನ್ಸೂರಅಲಿ ಅವಳ ಮುಂದೆ ಕೈಮುಗಿದ. "ಗುರುತು ಅದ ಅಂದಿದ್ರ ಊರೇ ಸುಡತಿದ್ರು, ಬೆಹೆನ್. ನಮ್ಮ ಜಾಡೂ ಹಿಡೀತಿದ್ರು. ಎದಿ ಕಲ್ಲು ಮಾಡ್ಕೊಂಡು ಇಲ್ಲ ಅಂದೆಲ್ಲ, ಶಾಬಾಸ್!" ಸುರಪುರದ ಸಭೆಗೆ ಕರೆದೊಯ್ದು ಹಾರ ಹಾಕಿಸಿದ. ಹೆಂಗಸರು ಅವಳ ಮುಖ ನೀವಿ ಲಟಿಗೆ ಮುರಿದರು.

ಅವಳಿಗಷ್ಟೇ ಗೊತ್ತಿತ್ತು. ಆ ಗಳಿಗೆಯಲ್ಲಿ ಊರು ನೆನಪಾಗಿರಲಿಲ್ಲ, ಐವರು ನೆನಪಾಗಿರಲಿಲ್ಲ. ತನ್ನ ಕುತ್ತಿಗೆಯೊಂದೇ ನೆನಪಾಗಿತ್ತು. ಮನೆಗೆ ಬಂದು ಹಾರವನ್ನು ಎಮ್ಮೆಗೆ ಹಾಕಿದಳು. ಎಮ್ಮೆ ಮೂಸಿ ನೋಡಿ ಬಿಟ್ಟಿತು.

"ಅವರವ್ವಗ ನಾ ಹೇಳಿ ಬರಲೇನು?" ಎಂದು ಮನ್ಸೂರಅಲಿ ಕೇಳಿದ.

"ಬ್ಯಾಡ. ನಾ ಮಾತು ಕೊಟ್ಟೀನಿ."

ಕೊಟ್ಟ ಮಾತೇ ಅಡಗಿಕೊಳ್ಳುವ ಮೂಲೆಯಾಯಿತು. ದಸರೆ ಮುಗಿಯಲಿ, ದೀಪಾವಳಿ ಮುಗಿಯಲಿ ಎಂದಳು. ಸತ್ತದ್ದನ್ನು ಹೇಳಿದರೆ ಸಾಯುವಾಗ ಅವನ ಕಿವಿಗೆ ಬಿದ್ದದ್ದನ್ನೂ ಹೇಳಬೇಕು. ಅತ್ತ ಕೆಂಭಾವಿಯಲ್ಲಿ ನೀಲಕಂಠನ ಅವ್ವ ಸೂಗಮ್ಮ ಸಂತೆಗೆ ಬಂದ ಒಬ್ಬೊಬ್ಬರನ್ನೂ ಹಿಡಿದು ಮಗನ ಬಗ್ಗೆ ಕೇಳುತ್ತಿದ್ದಳಂತೆ. ಆ ಸುದ್ದಿ ಹರಗೋಲು ಹತ್ತಿದವರ ಬಾಯಿಂದ ಬಂದಾಗಲೆಲ್ಲ ಸಾಯಬಮ್ಮನ ಹುಟ್ಟು ನೀರಿನಲ್ಲಿ ತಪ್ಪುತ್ತಿತ್ತು.

ಎಳ್ಳಮಾವಾಸ್ಯೆಯ ಹಿಂದಿನ ಸಂತೆಗೆ ಅವಳು ಕೆಂಭಾವಿಗೆ ಹೋದಳು. ಅಂಗಡಿಯ ಮುಂದೆ ಸೂಗಮ್ಮ ಬೆಲ್ಲ ಒಡೆಯುತ್ತಿದ್ದಳು.

"ಏನು ಬೇಕವ್ವಾ?"

"ತಿಂಥಣಿಯಿಂದ ಬಂದೀನ್ರಿ."

ಒಡೆಯುವ ಕೈ ನಿಂತಿತು. "ಹೊಳಿ ಊರಾಕಿ? ಹಂಗಾರ ನನ್ನ ಮಗ ಗೊತ್ತಿರಬೇಕು. ಉದ್ದಕ ಅದಾನ, ಭಾಳ ಮಾತಾಡ್ತಾನ..."

"ಗೊತ್ರಿ," ಎಂದಳು ಸಾಯಬಮ್ಮ. "ನಿಮ್ಮ ಮಗ ಇಲ್ರಿ. ಶ್ರಾವಣದಾಗೇ ತೀರ್ಕೊಂಡ್ರು."

ಎಲ್ಲವನ್ನೂ ಹೇಳಿದಳು: ಐವರು ದಾಟಿದ್ದು, ಎಡಗೈಗೆ ಬಂದ ಬಂದೂಕು, ಉಸುಕು. "ಗೊತ್ತಿಲ್ಲ ಅಂದೆ. ಅವರು ಕೇಳಿಸ್ಕೊಂಡ್ರು. ಊರು ಉಳಿಸಾಕಲ್ಲ, ನನ್ನ ಜೀವದ ಆಸಿಗೆ ಅಂದೆ. ಮಂದಿ ಹಾರ ಹಾಕಿದ್ರು, ಹಾಕಿಸ್ಕೊಂಡೆ."

ಸೂಗಮ್ಮ ಒಡೆದ ಬೆಲ್ಲದ ಚೂರುಗಳನ್ನು ಒಂದೊಂದಾಗಿ ಬುಟ್ಟಿಗೆ ಹಾಕಿದಳು. "ಲಿಂಗ?" ಎಂದಳು. "ಕೊರಳಾಗಿನ ಲಿಂಗ ಏನು ಮಾಡಿದ್ರು?"

"ನಾನೇ ಬಿಚ್ಚಿ ಕೈಯಾಗಿಟ್ಟೆ. ಬಲಗೈಯಾಗ."

"ಎಡಗೈಯಾಗ ಇಡಬೇಕಿತ್ತವ್ವಾ. ನಮ್ಮವರಿಗೆ ಎಡಗೈನೇ ಪೀಠ."

ಸಾಯಬಮ್ಮ ಕುಸಿದಳು. ಅಂಬಿಗರ ಹುಡುಗಿ, ದೇವರಿಗೆ ಎಡಗೈ ಹೊಲ್ಲದೆಂದು ಬಲಗೈ ಹುಡುಕಿ ಇಟ್ಟಿದ್ದಳು. ಅದೊಂದನ್ನಾದರೂ ಸರಿಯಾಗಿ ಮಾಡಿದೆನೆಂದು ನಂಬಿದ್ದಳು.

"ಇರಲಿ," ಎಂದಳು ಸೂಗಮ್ಮ. "ಎಡಗೈ ಬಂದೂಕು ಹೊತ್ತು ದಣದಿತ್ತಲ್ಲ." ಮತ್ತೆ ಕೇಳಿದಳು, "ನೀ ಅವಗ ಏನಾಗಬೇಕು?"

"ಬದುಕಿದ್ರ ಹೆಂಡತಿ ಆಗತಿದ್ದೆ."

"ನೀ ಅಂದ ಮಾತು ನನಗ ನುಂಗಾಕ ಆಗೂದಿಲ್ಲ, ಹುಡುಗಿ. ನಾಲ್ಕು ತಿಂಗಳು ದಾರಿ ನೋಡಿಸಿದ್ದೂ." ಹಾಗೆನ್ನುತ್ತಲೇ ಅವಳ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದುಕೊಂಡಳು.

ಮತ್ತೆ ಸೆರಗು ತಲೆಗೆಳೆದು, ತುಂಬಿದ ಸಂತೆಯ ನಡುವೆ, ಮಗನ ಹೆಸರು ಹಿಡಿದು ಹಾಡಿ ಅಳತೊಡಗಿದಳು. ತಕ್ಕಡಿಗಳು ನಿಂತವು. ಮಾತು ಮುಟ್ಟಿತ್ತು.