ಗಂಧ ಹಚ್ಚಿದ ಬಾಟಲಿ

ಭರಮಮ್ಮನ ಎಮ್ಮೆ ಕಾಲುವೆಯೊಳಗೆ ಸತ್ತು ಬಿದ್ದಿತ್ತು. ಕಡ್ಡಿರಾಂಪುರದ ಅರ್ಧ ಊರು ದಂಡೆಯ ಮೇಲಿತ್ತು. ಒಬ್ಬೊಬ್ಬರ ಬಳಿಯೂ ಒಂದೊಂದು ಕಾರಣವಿತ್ತು.

“ಎಂಡ್ರಿನ್ ಕುಡದೈತ್ರಿ. ಕಬ್ಬಿಗೆ ಹೊಡ್ದು ಡಬ್ಬಿ ತೊಳ್ದಿರ್ತಾರ,” ಎಂದ ಗಾದಿಲಿಂಗಪ್ಪ.

ಸಬ್ ಇನ್ಸ್‌ಪೆಕ್ಟರ್ ಕೊಟ್ರಯ್ಯ ಮೂಸಿ ನೋಡಿದರು. ಎಂಡ್ರಿನ್ ನಾತವಿಲ್ಲ. ಹೂಳು ತೆಗೆಯಲೆಂದು ಕಾಲುವೆ ಬಂದಾಗಿ ವಾರವಾಗಿತ್ತು. ಸೇತುವೆಯ ಕೆಳಗೆ ಒಂದು ಗುಂಡಿಯಲ್ಲಷ್ಟೇ ನೀರು. ಅದರಲ್ಲಿ ಒಡೆದ ಕಂದು ಗಾಜು. ಪಕ್ಕದ ಒಣ ಮರಳಿನಲ್ಲಿ ಇಡಿಯಾದ ಬಾಟಲಿಯೊಂದು. ಚೀಟಿ ಕೆರೆದು ತೆಗೆದಿತ್ತು. ಒಳಗೆ ಬಿಳಿ ಪುಡಿ. ಹೊರಗೆ ಒಣಗಿದ ಗಂಧ, ಅದರ ನಡುವೆ ಕುಂಕುಮದ ಬೊಟ್ಟು.

“ಆರು ತಿಂಗ್ಳ ಗಬ್ಬಾಗಿತ್ತೋ ಯಪ್ಪಾ,” ಎಂದಳು ಭರಮಮ್ಮ.

* * *

ಅಂಥ ಬಾಟಲಿ ಹೊಸಪೇಟೆಯಲ್ಲಿ ಇರುವುದು ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿ. ಮುಖ್ಯಸ್ಥರು ಡಾಕ್ಟರ್ ಶ್ರೀಕಂಠಯ್ಯ, ಹೋದ ಜೂನಿನಲ್ಲಿ ಮೈಸೂರಿನಿಂದ ಬಂದವರು.

“ಆರ್ಸೆನಿಕ್. ನಮ್ಮದೇ,” ಎಂದರು. ಚೀಟಿಯಿಲ್ಲದ ಬಾಟಲಿಯನ್ನು ಮುಚ್ಚಳ ಕೂಡ ತೆಗೆಯದೆ ಗುರುತಿಸಿದ್ದರು. ವಿದ್ವತ್ತು ಇರಬೇಕು ಎಂದುಕೊಂಡರು ಕೊಟ್ರಯ್ಯ.

“ಹಳೇ ಸ್ಟಾಕು. ದಸರಾಕ್ಕೆ ಮುಂಚೇನೇ ಗುಡ್ಡಪ್ಪನಿಗೆ ಕೊಟ್ಟಿದ್ದೆ. ಗುಂಡಿ ತೋಡಿ, ಸಿಮೆಂಟು ಹಾಕಿ ಹೂಳು ಅಂತ. ಸೋಮಾರಿ, ಕಾಲುವೆಗೆ ಎಸೆದಿದ್ದಾನೆ. ಇವತ್ತೇ ಕೆಲಸದಿಂದ ತೆಗೀತೀನಿ.”

ಕಡ್ಡಿರಾಂಪುರದವನೇ ಆದ ಅಟೆಂಡರ್ ಗುಡ್ಡಪ್ಪನ ಕೆಲಸ ಈ ತಿಂಗಳು ಕಾಯಂ ಆಗಬೇಕಿತ್ತು. ಬಾಗಿಲಲ್ಲಿ ನಿಂತಿದ್ದ ಅವನು ಒಳಗೆ ಬಂದ.

“ನನ್ಗ ಏನೂ ಕೊಟ್ಟಿಲ್ರಿ ಸಾಹೇಬ್ರ.”

ಕೊಟ್ರಯ್ಯ ಸುತ್ತ ನೋಡಿದರು. ಪ್ರತಿ ಬಾಟಲಿಗೂ ಮೂರೆಳೆ ವಿಭೂತಿ. ನೀರಿನ ಕ್ಯಾನನ್ನೂ ಬಿಟ್ಟಿರಲಿಲ್ಲ.

“ಇದು ಯಾರ ಕೆಲ್ಸ?”

“ನಂದ್ರಿ. ಆಯುಧಪೂಜಿದು.”

“ಮತ್ತ ಆ ಬೀಗದ ಕಪಾಟ?”

ಡಾಕ್ಟರು ಎದೆಯುಬ್ಬಿಸಿದರು. “ಅದು ವಿಷದ್ದು. ಕೀ ನನ್ನ ಹತ್ರ ಮಾತ್ರ. ಅದರ ಪೂಜೇನೂ ನಾನೇ ಮಾಡಿದ್ದು. ಯಾರನ್ನೂ ಮುಟ್ಟಗೊಡಲ್ಲ.”

“ತೆಗೀರಿ ಸರ.”

ಒಳಗೆ ಸಾಲು ಬಾಟಲಿಗಳು. ಎಲ್ಲಕ್ಕೂ ಗಂಧ, ಕುಂಕುಮ. ಕೆಳಗಿನ ಹಲಗೆಯ ಧೂಳಿನಲ್ಲಿ ಐದು ದುಂಡು ಗುರುತು, ಖಾಲಿ.

* * *

ಕೊಟ್ರಯ್ಯ ಸ್ಟೂಲಿನ ಮೇಲೆ ಕುಳಿತರು.

“ದಸರಾಕ್ಕ ಮೊದ್ಲ ಕೊಟ್ಟಿದ್ರ ಇದಕ್ಕ ಗಂಧ ಹೆಂಗ ಬಂತು ಸರ? ಗುಡ್ಡಪ್ಪ ಹಚ್ಚಿದ್ರ ವಿಭೂತಿ ಇರ್ತಿತ್ತು. ಗಂಧ ನಿಮ್ದು, ಬೀಗಾನೂ ನಿಮ್ದು. ಇನ್ನೊಂದು: ಇವ್ನ ಊರು ಕಡ್ಡಿರಾಂಪುರ. ಕಾಲುವಿ ಬಂದ್ ಅಂತ ಅಲ್ಲಿ ಡಂಗುರ ಹೊಡ್ದಾರ. ಕತ್ತಲಾಗ, ನೀರೈತಂತ ತಿಳ್ಕೊಂಡು ಸೇತುವಿ ಮ್ಯಾಲಿಂದ ಒಗಿಯಾಂವ ಊರಾಂವಲ್ಲ. ನೀರಿದ್ದಿದ್ರ ಈ ಗಂಧ ಉಳೀತಿದ್ದಿಲ್ಲ, ನನ್ಗೂ ತಿಳೀತಿದ್ದಿಲ್ಲ.”

ಡಾಕ್ಟರು ಕನ್ನಡಕ ಒರೆಸಿಕೊಂಡರು. “ನಾಳೆ ಇನ್ಸ್‌ಪೆಕ್ಷನ್. ಹೂಳಿಸೋಕೆ ಪುರುಸೊತ್ತಾಗಲಿಲ್ಲ. ಅಷ್ಟು ನೀರಿಗೆ ಇದೇನು ಲೆಕ್ಕ ಅಂದುಕೊಂಡೆ...”

“ಸಾಹೇಬ್ರ!” ಗುಡ್ಡಪ್ಪ ಮುಂದೆ ಬಂದ. “ಐದು ಇದ್ವು, ಒಡ್ದಿದ್ದು ಸೇರಿ ಸಿಕ್ಕಿದ್ದು ಎರಡ. ಸಂಜಿಗೆ ನೀರು ಬಿಡ್ತಾರ್ರಿ! ಕಂಪ್ಲಿ ತನಕ ದನ ಅದಾವು, ಮಂದಿ ಅದಾರ.”

* * *

ಜೀಪು ದಂಡೆಗೆ ಬಂದಾಗ ಹೊತ್ತು ಇಳಿದಿತ್ತು. ಗುಡ್ಡಪ್ಪ ದಂಡೆಯ ಮೇಲಿದ್ದವರಿಗೆ ನಡೆದದ್ದೆಲ್ಲ ಹೇಳಿ ಪಂಚೆ ಎತ್ತಿ ಕಟ್ಟಿದ. ಕೊಟ್ರಯ್ಯ ತಡೆದರು.

“ನೀ ಮ್ಯಾಲ ನಿಂದ್ರಲೇ. ನಿನ್ನ ನೌಕ್ರಿ ಎಲ್ಲೂ ಹೋಗಂಗಿಲ್ಲ. ಇಳೀರಿ ಸರ.”

ಡಾಕ್ಟರು ಪ್ಯಾಂಟು ಮಡಚಿ ಹೂಳಿಗಿಳಿದರು. ಮೊಣಕಾಲಿನವರೆಗೂ ಹೂತರು.

“ಜಲ್ದಿ ಹುಡುಕ್ರಿ,” ಎಂದಳು ಭರಮಮ್ಮ ಮೇಲಿನಿಂದ. “ಗುರ್ತು ಸಿಗ್ತೈತಿ ನಿಮಗ. ಬೊಟ್ಟು ಇಟ್ಟಾವ್ರು ನೀವ ಅಲ್ಲೇನು?”